ಮನೆತನದ ಚರಿತ್ರೆ ಬರೆಯುವ ಮೊದಲು ಅಟ್ಟ ಹತ್ತಿ

ನಮ್ಮ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಮದುವೆಯಾಗಿದ್ದು ನೆಬ್ರಾಸ್ಕದ ಒಂದು ರೈತರ ಮನೆ ಹುಡುಗಿಯನ್ನು. ಮೂರು ವರ್ಷದ ಹಿಂದೆ ದೀಪಾವಳಿಗೆ ಇಬ್ಬರೂ ಊರಿಗೆ ಬಂದಾಗ ಅವಳು ತನ್ನ ತವರುಮನೆಯ ಚರಿತ್ರೆ ಅಂತ ಒಂದು ಪುಸ್ತಕ ತಂದಿದ್ದಳು. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಅವಳ ಅಜ್ಜ ಬರೆದು ಜೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿದ್ದು. ಜಮೀನು ಹೇಗೆ ಬಂತು, ಮೊದಲ ಮನೆ ಯಾರು ಕಟ್ಟಿದರು, ಎಷ್ಟು ಕುದುರೆ, ಎಷ್ಟು ಕರಾವಿನ ಹಸು, ಯಾವ ಮಗು ಯಾವ ಜ್ವರಕ್ಕೆ ಹೋಯಿತು, ಎಲ್ಲ ಇದೆ. ಆ ರಾತ್ರಿ ಅಡಿಕೆ ಸುಲಿಯುವಲ್ಲಿ ಕೂತು ಒಂದೊಂದೇ ಪುಟ ತೋರಿಸಿದಳು. ಆಮೇಲೆ "ಮಾವ, ನಿಮ್ಮ ಮನೆಯದು ಎಲ್ಲಿ?" ಅಂದಳು. ನಾನು ಅಜ್ಜನ ಹೆಸರು ಹೇಳಿದೆ, ಅವರಪ್ಪನ ಹೆಸರು ಹೇಳಿದೆ, ಅಲ್ಲಿಗೆ ಮುಗಿಯಿತು. ಮುತ್ತಜ್ಜಿಯ ಹೆಸರು ನನಗೆ ಗೊತ್ತಿರಲಿಲ್ಲ. ಅಲ್ಲಿ ಕೂತಿದ್ದ ಹನ್ನೊಂದು ಜನರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಅಟ್ಟ, ತಾಲೂಕು ಕಚೇರಿ, ನೆಂಟರ ಮನೆ ಅಂತ ತಿರುಗಿದ್ದೇನೆ. ಎಲ್ಲಿ ಹುಡುಕಿದರೆ ಸಿಗುತ್ತದೆ, ಎಲ್ಲಿ ಸುಮ್ನೆ ದಿನ ಹಾಳು ಅಂತ ಈಗ ಸ್ವಲ್ಪ ಗೊತ್ತಾಗಿದೆ. ಮಲೆನಾಡಿನ ತೋಟ, ಗದ್ದೆ ಇರುವ ಮನೆಯವರು ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಅಮೆರಿಕದವರ ಹಾದಿ ನಮಗೆ ಪೂರ್ತಿ ಹೊಂದುವುದಿಲ್ಲ. ಅವರಲ್ಲಿ 1850ರಿಂದ ಜನಗಣತಿಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರೂ ಇದೆ (ಗುಲಾಮರಾಗಿದ್ದವರನ್ನು ಬಿಟ್ಟು, ಅವರ ಹೆಸರು ಬರೆದಿದ್ದು 1870ರಲ್ಲಿ). 72 ವರ್ಷ ಕಳೆದ ಮೇಲೆ ಅದನ್ನು ಯಾರು ಬೇಕಾದರೂ ನೋಡಬಹುದು. 1950ರದ್ದು 2022ರಲ್ಲಿ ತೆರೆಯಿತು. 1850ರಿಂದ 1880ರವರೆಗಿನ ಜನಗಣತಿಯಲ್ಲಿ ರೈತರಿಗೇ ಬೇರೆ ಪಟ್ಟಿ ಇತ್ತು. ಎಷ್ಟು ಎಕರೆ ಉತ್ತಿದ್ದಾರೆ, ಎಷ್ಟು ಹಸು, ಎಷ್ಟು ಬೆಣ್ಣೆ ಅಂತ ಅದರಲ್ಲಿ ಬರೆದುಕೊಳ್ಳುತ್ತಿದ್ದರು. 1862ರ ಹೋಮ್‌ಸ್ಟೆಡ್ ಕಾನೂನಿನಲ್ಲಿ 160 ಎಕರೆವರೆಗೆ ಜಮೀನು ಪಡೆದವರು ಐದು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಸಾಗುವಳಿ ಮಾಡಿದ್ದನ್ನು ಇಬ್ಬರು ಸಾಕ್ಷಿಗಳಿಂದ ಹೇಳಿಸಬೇಕಿತ್ತು. ಆ ಕಡತಗಳು ಅವರ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಇವೆ. ಜೊತೆಗೆ ಮನೆಯ ಬೈಬಲ್ಲಿನ ಒಳಹಾಳೆಯಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ರೂಢಿ. ನಮ್ಮಲ್ಲಿ ಜನಗಣತಿಯವರು ಬರೆದುಕೊಂಡ ಮನೆಮನೆಯ ವಿವರವನ್ನು ಯಾರಿಗೂ ತೋರಿಸುವಂತಿಲ್ಲ, 1948ರ ಕಾಯ್ದೆಯಲ್ಲೇ ಹಾಗಿದೆ. ಹಾಗಾಗಿ ಆ ಬಾಗಿಲು ಮುಚ್ಚಿದೆ. ನಮಗೆ ಇರುವುದು ಭೂಮಿಯ ಕಾಗದ, ಅಟ್ಟದ ಪೆಟ್ಟಿಗೆ, ಮತ್ತೆ ಹಿರಿಯರ ನೆನಪು.

ಆದರೆ ಆ ಪುಸ್ತಕದಿಂದ ಒಂದು ಪಾಠ ಮಾತ್ರ ನೇರವಾಗಿ ತೆಗೆದುಕೊಂಡೆ. ಅವಳ ಅಜ್ಜ ಎರಡನೇ ಪುಟದಲ್ಲೇ ಬರೆದಿದ್ದರು: ನಮ್ಮವರು ಬರುವ ಮೊದಲು ಈ ನೆಲ ಪಾನಿ ಎಂಬ ಮೂಲನಿವಾಸಿಗಳದ್ದು, 1870ರ ದಶಕದಲ್ಲಿ ಅವರು ಈಗಿನ ಒಕ್ಲಹೋಮಕ್ಕೆ ಹೋಗಬೇಕಾಯಿತು, ನಮ್ಮ ಉಳುಮೆ ಶುರುವಾಗಿದ್ದು ಅದರ ಹಿಂದೆಯೇ. ಊರಲ್ಲಿ ಮರ್ಯಾದಸ್ಥ ಮನೆ ಅದು. ಅದನ್ನು ಬರೆದಿದ್ದರಿಂದ ಅವರ ಮರ್ಯಾದೆ ನನ್ನ ಕಣ್ಣಿಗೆ ಜಾಸ್ತಿಯೇ ಆಯಿತು. ನೀವು ಬರೆಯುವಾಗಲೂ ಈ ಒಂದು ಪ್ರಶ್ನೆ ಮುಂದಿಟ್ಟುಕೊಳ್ಳಿ: ಈ ಜಮೀನು ಯಾರಿಂದ ಬಂತು, ಯಾರ ಕೈಯಲ್ಲಿ ಬೆಳೆಯಿತು? ಬರೀ ಹೊಗಳಿಕೆ ಬೇಕಿದ್ದರೆ ಶ್ರದ್ಧಾಂಜಲಿ ಭಾಷಣ ಸಾಕು.

ಶುರು ಮಾಡುವುದು ಹಿಂದಿನಿಂದ ಅಲ್ಲ, ನಿಮ್ಮಿಂದ. ನೀವು, ಅಪ್ಪ ಅಮ್ಮ, ಅವರ ಅಪ್ಪ ಅಮ್ಮ, ಹೀಗೆ ಹಿಂದಕ್ಕೆ ಹೋಗಿ. ನಮ್ಮ ಕಡೆ ಬಹಳ ಮನೆಗಳಲ್ಲಿ "ಕೆಳದಿ ಅರಸರು ಉಂಬಳಿ ಕೊಟ್ಟರು, ನಾವು ಅಲ್ಲಿಂದ ಬಂದವರು" ಅಂತ ಒಂದು ಮಾತಿದೆ. ಇರಲಿ, ಅದನ್ನೂ ಬರೆದುಕೊಳ್ಳಿ, ಆದರೆ "ಹೀಗೆ ಹೇಳುತ್ತಾರೆ" ಅಂತಲೇ ಬರೆಯಿರಿ. ಅಲ್ಲಿಂದ ಶುರು ಮಾಡಿದರೆ ಮಧ್ಯೆ ಇನ್ನೂರು ವರ್ಷ ಖಾಲಿ ಬಿದ್ದು, ಆ ಖಾಲಿ ಜಾಗವನ್ನು ಕಲ್ಪನೆಯಿಂದ ತುಂಬಿಸುವ ಆಸೆ ಹುಟ್ಟುತ್ತದೆ. ನಿಮ್ಮೂರಲ್ಲಿ ಶಾಸನದ ಕಲ್ಲಿದ್ದರೆ ಬಿ.ಎಲ್. ರೈಸ್ ಅವರ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ. ಶಿವಮೊಗ್ಗ ಜಿಲ್ಲೆಯದು 7 ಮತ್ತು 8ನೇ ಸಂಪುಟ, 1902 ಮತ್ತು 1904ರಲ್ಲಿ ಬಂದಿದ್ದು. ಸಾಗರ, ಸೊರಬ, ನಗರ, ತೀರ್ಥಹಳ್ಳಿ ತಾಲೂಕುಗಳು 8ರಲ್ಲಿ ಸಿಗುತ್ತವೆ. ಊರಿನ ಹಳೆಯ ಹೆಸರು ಗೊತ್ತಾಗುತ್ತದೆ. ನಿಮ್ಮ ಮನೆತನದ ಹೆಸರೇ ಸಿಕ್ಕೀತು ಅಂತ ಮಾತ್ರ ಆಸೆ ಇಟ್ಟುಕೊಳ್ಳಬೇಡಿ.

ಈಗ ಅಟ್ಟ. ಮಳೆಗಾಲದಲ್ಲಿ ಹತ್ತಬೇಡಿ. ಜನವರಿಯಿಂದ ಏಪ್ರಿಲ್ ಒಳ್ಳೆಯ ಸಮಯ, ಕಾಗದ ಒಣಗಿರುತ್ತದೆ. ಥಂಡಿ ಹಿಡಿದ ಹಳೆ ಕಾಗದವನ್ನು ಬಿಡಿಸಲು ಹೋದರೆ ಹೋಳಿಗೆಯ ಹಾಗೆ ಪದರ ಪದರ ಕಿತ್ತು ಬರುತ್ತದೆ. ಪೆಟ್ಟಿಗೆಯನ್ನು ಕೆಳಗಿಳಿಸಿ, ಜಗಲಿಯ ನೆರಳಲ್ಲಿ ಹಳೆ ಪಂಚೆ ಹಾಸಿ, ಇದ್ದ ಕ್ರಮದಲ್ಲೇ ಒಂದೊಂದಾಗಿ ತೆಗೆದಿಡಿ. ಕ್ರಮ ಯಾಕೆ ಅಂದರೆ, ಮೇಲೆ ಕೆಳಗೆ ಯಾವುದಿತ್ತು ಅನ್ನುವುದರಿಂದಲೇ ಎಷ್ಟೋ ಸಲ ಇಸವಿ ಗೊತ್ತಾಗುತ್ತದೆ. ಬಿಸಿಲಿಗೆ ಒಡ್ಡಬೇಡಿ. ಗೆದ್ದಲು ತಿಂದಿದ್ದನ್ನು ಕೊಡವಬೇಡಿ, ಮೃದುವಾದ ಬ್ರಷ್ ಸಾಕು. ಸೆಲ್ಲೋಟೇಪ್ ಹಚ್ಚಲೇಬೇಡಿ, ನಾಲ್ಕು ವರ್ಷಕ್ಕೆ ಅದೇ ಅಕ್ಷರವನ್ನು ತಿನ್ನುತ್ತದೆ. ಮೊಬೈಲಲ್ಲಿ ಫೋಟೋ ತೆಗೆಯಿರಿ, ಎರಡೂ ಮಗ್ಗುಲು. ಹಿಂದುಗಡೆ ಏನೂ ಇಲ್ಲ ಅಂತ ಬಿಡಬೇಡಿ, ಅಜ್ಜಂದಿರು ಸಾಲದ ಲೆಕ್ಕವನ್ನು ಮದುವೆ ಕಾಗದದ ಬೆನ್ನಿಗೇ ಬರೆಯುತ್ತಿದ್ದರು.

ನಮ್ಮಲ್ಲಿ ಸಿಕ್ಕಿದ ದೊಡ್ಡ ಆಸ್ತಿ ಅಂದರೆ ಒಂದು ತುಕ್ಕು ಹಿಡಿದ ತಂತಿ. ಅದಕ್ಕೆ ಅಡಿಕೆ ಮಂಡಿಯ ಪಟ್ಟಿಗಳನ್ನು ಚುಚ್ಚಿ ಇಟ್ಟಿದ್ದರು. ಬೆರಳಷ್ಟು ದಪ್ಪ ಕಟ್ಟು, ಹೊಗೆಗೆ ಕಂದು ಬಣ್ಣ ಬಂದಿದೆ, ಮೂಸಿದರೆ ಇವತ್ತಿಗೂ ಚೊಗರಿನ ವಾಸನೆ. ಕೆಳಗಿನದು ಅತಿ ಹಳೆಯದು, ಮೇಲಿನದು ಹೊಸದು. ಪ್ರತಿ ಪಟ್ಟಿಯಲ್ಲೂ ತಾರೀಕು, ಅಡಿಕೆಯ ಬಗೆಗಳಾದ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ದರ ಎಷ್ಟು, ಮುಂಗಡ ಮುರಿದುಕೊಂಡಿದ್ದು ಎಷ್ಟು ಅಂತ ಇದೆ. ಒಂದು ವರ್ಷ ಹದಿನಾರು ಮೂಟೆ ಹೋಗಿದೆ, ಮಾರನೇ ವರ್ಷ ಐದೇ ಐದು. ದೊಡ್ಡಮ್ಮನನ್ನು ಕೇಳಿದೆ. "ಆ ವರ್ಷ ಕೊಳೆರೋಗ ಬಂದು ಮರದ ಬುಡದಲ್ಲೆಲ್ಲ ಕಾಯಿ ಹಾಸಿ ಬಿದ್ದಿತ್ತು ಮಾರಾಯ, ನಿನ್ನ ಚಿಕ್ಕಪ್ಪನ ಓದು ನಿಂತಿದ್ದು ಅದೇ ವರ್ಷ" ಅಂದರು. ಚಿಕ್ಕಪ್ಪ ಓದಿನಲ್ಲಿ ಹಿಂದೆ, ಅದಕ್ಕೇ ಶಾಲೆ ಬಿಟ್ಟ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಒಂದು ಮಂಡಿ ಪಟ್ಟಿ ಅವನ ಮೇಲಿದ್ದ ಆ ಮಾತನ್ನು ಅಳಿಸಿತು. ಅವನು ತೀರಿಕೊಂಡು ಆರು ವರ್ಷವಾದ ಮೇಲೆ.

ಹಳೆ ಅಳತೆಗಳನ್ನು ಇದ್ದ ಹಾಗೇ ಬರೆದುಕೊಳ್ಳಿ. ಮಣ ಒಂದೊಂದು ಕಡೆ ಒಂದೊಂದು ತೂಕ, ಅದನ್ನು ಕಿಲೋಗೆ ತಿರುಗಿಸಲು ಹೋಗಿ ತಪ್ಪು ಮಾಡಬೇಡಿ. ಖಂಡುಗಕ್ಕೆ 20 ಕೊಳಗ, ಎಕರೆಗೆ 40 ಗುಂಟೆ, ರೂಪಾಯಿಗೆ 16 ಆಣೆ, ಇಷ್ಟು ನೆನಪಿದ್ದರೆ ಸಾಕು. ನಯಾ ಪೈಸೆ ಬಂದಿದ್ದು 1957ರಲ್ಲಿ. ಹಾಗಾಗಿ ಇಸವಿ ಇಲ್ಲದ ಚೀಟಿಯಲ್ಲಿ ಲೆಕ್ಕ ಪೈಸೆಯಲ್ಲಿದ್ದು ರೂಪಾಯಿಗೆ ನೂರರಂತೆ ಕೂಡಿದ್ದರೆ ಅದು ಆಮೇಲಿನದು. ಓದಲು ಬಾರದ ಲಿಪಿಯ ತಾಳೆಗರಿ ಸಿಕ್ಕರೆ ಬಿಸಾಡಬೇಡಿ. ಮಲೆನಾಡಿನಲ್ಲಿ ತಿಗಳಾರಿ ಲಿಪಿಯ ಗರಿಗಳು ಬಹಳ ಮನೆಗಳಲ್ಲಿದ್ದವು. ಕೆಳದಿಯ ಮ್ಯೂಸಿಯಂನಲ್ಲಿ ಅಂಥವುಗಳ ದೊಡ್ಡ ಸಂಗ್ರಹವೇ ಇದೆ, ಅಲ್ಲಿ ತೋರಿಸಿ.

ಜಾತಕ ಸಿಕ್ಕರೆ ಹುಟ್ಟಿದ ವರ್ಷ ಸಿಕ್ಕ ಹಾಗೆ, ಆದರೆ ಅದರಲ್ಲಿ ಸಂವತ್ಸರದ ಹೆಸರಿರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ವಿಕಾರಿ ಅಂತಿದ್ದರೆ 1899 ಆಗಬಹುದು, 1959 ಆಗಬಹುದು, 2019 ಆಗಬಹುದು. ಸಂವತ್ಸರ ಯುಗಾದಿಗೆ ಶುರುವಾಗುವುದರಿಂದ ಪುಷ್ಯ, ಮಾಘದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಒಂದು ವರ್ಷ ಮುಂದೆ ಲೆಕ್ಕ ಹಾಕಬೇಕು. ಶಕ ವರ್ಷ ಇದ್ದರೆ 78 ಕೂಡಿಸಿ. ಶಾಲೆಯ ದಾಖಲಾತಿ ಪುಸ್ತಕದ ಜನ್ಮ ತಾರೀಕನ್ನು ನಂಬುವ ಮೊದಲು ಎರಡು ಸಲ ಯೋಚಿಸಿ. ನಮ್ಮ ಮನೆಯ ನಾಲ್ಕು ಜನ ಮೇ, ಜೂನ್‌ನಲ್ಲೇ ಹುಟ್ಟಿದ್ದಾರೆ ಅಲ್ಲಿ, ಶಾಲೆಗೆ ಸೇರಿಸಲು ಮೇಷ್ಟ್ರು ಲೆಕ್ಕ ಹಾಕಿ ಬರೆದಿದ್ದು.

ಇನ್ನೊಂದು ತೊಡಕು ಹೆಸರಿನದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಎರಡೇ ಹೆಸರು ಒಂದು ಬಿಟ್ಟು ಒಂದು ತಲೆಮಾರಿಗೆ ಬರುತ್ತಾ ಹೋಗುತ್ತದೆ. 1920ರ ಕಾಗದದ ಮನುಷ್ಯ ಮತ್ತು 1960ರ ಕಾಗದದ ಮನುಷ್ಯ ಒಬ್ಬನೇ ಅಂತ ನಾನು ಆರು ತಿಂಗಳು ಅಂದುಕೊಂಡಿದ್ದೆ. ಹೆಸರಿನ ಜೊತೆ ಯಾವಾಗಲೂ "ಬಿನ್" ಆದಮೇಲೆ ಬರುವ ತಂದೆಯ ಹೆಸರನ್ನೂ ಬರೆದುಕೊಳ್ಳಿ, ಮತ್ತೆ ಮನೆಯಲ್ಲಿ ಒಂದನೇ, ಎರಡನೇ ಅಂತ ನಂಬರ್ ಕೊಟ್ಟುಬಿಡಿ.

ಹಿರಿಯರನ್ನು ಮಾತಾಡಿಸುವುದು ಎಲ್ಲಕ್ಕಿಂತ ತುರ್ತು. ಕಾಗದ ಇನ್ನೂ ಹತ್ತು ವರ್ಷ ಇದ್ದೀತು, ಅವರು ಇರುವುದಿಲ್ಲ. "ಹಳೇ ಕಾಲದ ವಿಷಯ ಹೇಳಿ" ಅಂತ ಮೈಕ್ ಹಿಡಿದರೆ ಯಾರಿಗೂ ಮಾತು ಬರುವುದಿಲ್ಲ. ಕೈಗೆ ಕೆಲಸ ಇರುವಾಗ ಕೇಳಿ. ಅಡಿಕೆ ಸುಲಿತದ ರಾತ್ರಿಗಿಂತ ಒಳ್ಳೆಯ ಸಮಯ ಇಲ್ಲ: ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಕೈ ತಾನೇ ಓಡುತ್ತದೆ, ಬಾಯಿ ಬಿಡುವಾಗಿರುತ್ತದೆ, ಒಬ್ಬರು ತಪ್ಪು ಹೇಳಿದರೆ ಪಕ್ಕದವರು ತಿದ್ದುತ್ತಾರೆ. ಫೋನನ್ನು ರೆಕಾರ್ಡ್‌ಗೆ ಹಾಕಿರುವುದನ್ನು ಮೊದಲೇ ಹೇಳಿ, ಆಮೇಲೆ ಅದನ್ನು ಕಣ್ಣಿಗೆ ಬೀಳದ ಕಡೆ ಇಡಿ.

ಪ್ರಶ್ನೆ ಸಣ್ಣದಿರಲಿ. ದೊಡ್ಡಮ್ಮನಿಗೆ ನಾನು ಕೇಳಿದ್ದು ಒಂದೇ: "ನೀವು ಮದುವೆಯಾಗಿ ಬಂದಾಗ ಅಡುಗೆಮನೆಯಲ್ಲಿ ಒಲೆ ಯಾವ ಕಡೆ ಇತ್ತು?" ಎಂಬತ್ತಾರು ವರ್ಷ ಅವರಿಗೆ. ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಗ ಅಡುಗೆಮನೆಯೇ ಅಲ್ಲಿರಲಿಲ್ಲ. ಈಗ ಬಾಳೆಗೊನೆ ನೇತು ಹಾಕುವ ಕೋಣೆ ಇದೆಯಲ್ಲ, ಅದೇ ಅಡುಗೆಮನೆ. ಹೊಗೆ ಹೋಗಲಿಕ್ಕೆ ದಾರಿಯೇ ಇಲ್ಲ. ನಿನ್ನ ಅಜ್ಜಿಗೆ ಕಣ್ಣು ಮಂಜಾಗಿದ್ದು ಅದರಿಂದಲೇ ಅಂತ ನನಗೆ. ಆ ಒಲೆ ಹಾಕಿದ್ದು ಅವಳ ಅತ್ತೆ" ಅಂದರು, ಹೆಸರು ಹೇಳಿದರು. ಅದೇ ನನ್ನ ಮುತ್ತಜ್ಜಿಯ ಹೆಸರು. ಮೂರು ವರ್ಷದ ಹುಡುಕಾಟದಲ್ಲಿ ನನ್ನ ಕೈ ನಡುಗಿದ್ದು ಆ ಒಂದು ಕ್ಷಣ.

ಹೆಣ್ಣುಮಕ್ಕಳ ಹೆಸರು ಕಾಗದದಲ್ಲಿ ಸಿಗುವುದು ಕಷ್ಟ. ಹಳೆ ವಂಶವೃಕ್ಷಗಳಲ್ಲಿ ಗಂಡು ಸಂತಾನ ಮಾತ್ರ ಇಳಿಯುತ್ತಾ ಹೋಗುತ್ತದೆ. ಕರ್ನಾಟಕದಲ್ಲಿ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ತಿದ್ದುಪಡಿ ಬಂದಿದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಅಲ್ಲಿಂದ ಈಚೆಗೆ ಅವರ ಹೆಸರು ಕಾಣಿಸುತ್ತದೆ. ಅದಕ್ಕೂ ಹಿಂದಿನವರನ್ನು ಹುಡುಕಲು ಅವರ ತವರುಮನೆಗೆ, ಕೊಟ್ಟ ಮನೆಗೆ ಹೋಗಬೇಕು. ಮದುವೆಯಲ್ಲಿ ಹೆಸರು ಬದಲಿಸುವ ರೂಢಿ ಇದ್ದ ಮನೆಯಾದರೆ ಎರಡೂ ಹೆಸರು ಕೇಳಿ. ಹಾಡಿನ ಪುಸ್ತಕ ಇದೆಯಾ ಅಂತ ತಪ್ಪದೆ ಕೇಳಿ. ಹಸೆ ಹಾಡು, ಆರತಿ ಹಾಡು ಬರೆದಿಟ್ಟ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೆಸರು, ಊರು, ಒಮ್ಮೊಮ್ಮೆ ತಾರೀಕು ಇರುತ್ತದೆ. ಅದು ನಮ್ಮ ಬೈಬಲ್ ಹಾಳೆ ಅಂದುಕೊಳ್ಳಿ.

ಈಗ ತಾಲೂಕು ಕಚೇರಿ. ಹೋಗುವ ಮೊದಲು ಸರ್ವೆ ನಂಬರ್ ಪಟ್ಟಿ ಮಾಡಿಕೊಳ್ಳಿ, ಅದಿಲ್ಲದೆ ಹೋದರೆ ಹೋಗಿದ್ದೇ ವ್ಯರ್ಥ. ಈಗಿನ ಪಹಣಿ ಸರ್ಕಾರದ ಭೂಮಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ನಮಗೆ ಬೇಕಾದದ್ದು ಕಂಪ್ಯೂಟರ್ ಬರುವ ಮೊದಲಿನ ಕೈಬರಹದ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆಯ) ಪುಸ್ತಕ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್. ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ನಕಲು ತೆಗೆಸಬೇಕು. ಕ್ರಯಪತ್ರ, ಪಾಲುಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಪಾಲುಪತ್ರ ಸಿಕ್ಕರೆ ಹಬ್ಬ: ಹಂಡೆ ಯಾರಿಗೆ, ದನ ಯಾರಿಗೆ, ದೇವರ ಪೂಜೆ ಯಾರ ಪಾಲಿಗೆ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಹೇಗೆ ಹಂಚಿಕೆ, ಮನೆಯ ಒಳಗೇ ನಿಂತು ನೋಡಿದ ಹಾಗೆ. ಒಂದೇ ದಿನದಲ್ಲಿ ಆಗುತ್ತದೆ ಅಂತ ಹೋಗಬೇಡಿ. ನನಗೆ ಒಂದು ಕಡತ ಸಿಗಲು ಏಳು ಸಲ ಹೋಗಬೇಕಾಯಿತು, ಏಳನೇ ಸಲ ಸಿಕ್ಕಿದ್ದು ಬೇರೆ ಊರಿನ ಕಟ್ಟಿನೊಳಗೆ.

ಊರಿನ ಹೆಸರು ಸಿಗದಿದ್ದರೆ ತಾಲೂಕಿನ ಹಳೆ ಹೆಸರು ನೋಡಿ. ಹೊಸನಗರದವರು ನಗರ ತಾಲೂಕು ಅಂತ, ತೀರ್ಥಹಳ್ಳಿಯವರು ಕವಲೇದುರ್ಗ ತಾಲೂಕು ಅಂತ ಹುಡುಕಬೇಕು. ಹೊನ್ನಾಳಿ, ಚನ್ನಗಿರಿ 1997ರಲ್ಲಿ ಶಿವಮೊಗ್ಗದಿಂದ ದಾವಣಗೆರೆ ಜಿಲ್ಲೆಗೆ ಹೋದವು.

ಪಹಣಿಯಲ್ಲಿ ಎಲ್ಲರೂ 9ನೇ ಕಾಲಂ ನೋಡಿ ಮುಚ್ಚುತ್ತಾರೆ, ಅಲ್ಲಿ ಮಾಲೀಕರ ಹೆಸರಿದೆ ಅಂತ. ನೀವು 12ನೇ ಕಾಲಂ ನೋಡಿ. ಸಾಗುವಳಿ ಮಾಡುತ್ತಿದ್ದವರ ಹೆಸರು ಅಲ್ಲಿರುತ್ತದೆ. ನಮ್ಮ ಮನೆಯ ನಾಲ್ಕು ಎಕರೆ ಗದ್ದೆಯ ಹಳೆ ಪಹಣಿಯಲ್ಲಿ 9ರಲ್ಲಿ ಅಜ್ಜ, 12ರಲ್ಲಿ ಬೇರೆ ಒಬ್ಬರು. ಗೇಣಿಗೆ ಉಳುತ್ತಿದ್ದವರು. ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು, ದೇವರಾಜ ಅರಸರ ಕಾಲ. ಗೇಣಿದಾರರು ಫಾರಂ 7ರಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಜಮೀನು ಅವರ ಹೆಸರಿಗೆ ಮಾಡಿತು. ನಮ್ಮ ಮನೆಯಲ್ಲಿ ಇದನ್ನು "ಗದ್ದೆ ಹೋಗಿದ್ದು" ಅಂತಲೇ ಹೇಳಿಕೊಂಡು ಬಂದಿದ್ದಾರೆ. ಇದಕ್ಕೂ ಮುಂಚೆ, 1951ರಲ್ಲಿ, ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಜಗಳದಿಂದಲೇ ಸತ್ಯಾಗ್ರಹ ಎದ್ದಿತ್ತು. ರೈತ ನಾಯಕ ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ನಮ್ಮ ಕಣಜದ ಮೂಲೆಯಲ್ಲೂ ಎರಡು ಕೊಳಗ ಇವೆ. ಎರಡೂ ಒಂದೇ ಅಳತೆ ಅಲ್ಲ. ಅಕ್ಕಿ ತುಂಬಿ ನೋಡಿದೆ, ಒಂದರಲ್ಲಿ ಎರಡು ಬೊಗಸೆ ಜಾಸ್ತಿ ಹಿಡಿಯಿತು. ಇದನ್ನೂ ಪುಸ್ತಕದಲ್ಲಿ ಬರೆದಿದ್ದೇನೆ, ಫೋಟೋ ಸಮೇತ.

ಆ ಗೇಣಿದಾರರ ಮನೆಗೆ ಹೋಗಲು ನನಗೆ ಒಂದು ವರ್ಷ ಧೈರ್ಯ ಬರಲಿಲ್ಲ. ಹೋದೆ. ಮೊಮ್ಮಗ ಇದ್ದರು, ನನ್ನದೇ ವಯಸ್ಸು. "ಬನ್ನಿ ಅಯ್ಯಾ, ಕೂತ್ಕೊಳ್ಳಿ" ಅಂದರು. ವಿಷಯ ಹೇಳಿದೆ. ಒಳಗೆ ಹೋಗಿ ದೇವರ ಗೂಡಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ನ್ಯಾಯಮಂಡಳಿಯ ಆದೇಶ, ಮಡಿಕೆ ಮಡಿಕೆಯಲ್ಲಿ ಹರಿದಿತ್ತು, ಮೂಲೆಯಲ್ಲಿ ಕುಂಕುಮದ ಗುರುತು. ಜಗಲಿಯಲ್ಲಿ ಇಬ್ಬರೂ ನಮ್ಮ ಪಹಣಿ, ಅವರ ಆದೇಶ ಪಕ್ಕಪಕ್ಕ ಇಟ್ಟು ಸರ್ವೆ ನಂಬರ್ ತಾಳೆ ನೋಡಿದೆವು. ಅವರ ಅಜ್ಜ ಆ ಗದ್ದೆಯ ಕಲ್ಲು ಕಿತ್ತು ಅಗೇಡಿ (ಸಸಿ ಬೆಳೆಸುವ ಗದ್ದೆ) ಮಾಡಿದ್ದು, ಒಂದು ಮಳೆಗಾಲ ಏರಿ ಒಡೆದಾಗ ರಾತ್ರಿ ನೀರಲ್ಲಿ ನಿಂತು ಕಟ್ಟಿದ್ದು, ನಮ್ಮ ಮನೆಯ ಯಾವ ಕಾಗದದಲ್ಲೂ ಇರಲಿಲ್ಲ. ಆ ಗದ್ದೆಯ ಅಧ್ಯಾಯವನ್ನು ಅವರು ಹೇಳಿದ ಹಾಗೆಯೇ ಬರೆದು, ಓದಿ ಹೇಳಿ, ಅವರು ಸರಿ ಅಂದ ಮೇಲೆ ಸೇರಿಸಿದೆ. ನೀವೂ ಹೀಗೆ ಮಾಡಿ. ಅಡಿಕೆ ಕೊನೆ ಕೊಯ್ಯುತ್ತಿದ್ದವರು, ಘಟ್ಟದ ಕೆಳಗಿನಿಂದ ಬಂದು ವರ್ಷಗಟ್ಟಲೆ ದುಡಿದವರು, ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿ, ಅವರ ಹೆಸರು, ಊರು ಹುಡುಕಿ ಬರೆಯಿರಿ. ನಿಮ್ಮ ಮನೆಯೇ ಗೇಣಿ ಮನೆಯಾಗಿದ್ದರೆ ನಿಮ್ಮ ಫಾರಂ 7ರ ಅರ್ಜಿಯೇ ಮೊದಲ ಅಧ್ಯಾಯ.

ಶರಾವತಿಯ ಅಣೆಕಟ್ಟಿನ ನೀರಲ್ಲಿ ಮುಳುಗಡೆಯಾದ ಮನೆಯವರದ್ದು ಬೇರೆ ಕಥೆ. ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು 1948ರದ್ದು, ಆಮೇಲೆ 1964ರ ಲಿಂಗನಮಕ್ಕಿ ಆ ಅಣೆಕಟ್ಟನ್ನೇ ಮುಳುಗಿಸಿತು. ಹೀಗೆ ಎರಡು ಸಲ ಎದ್ದು ಹೋದ ಮನೆಗಳೂ ಇವೆ. ಪರಿಹಾರದ ಚೀಟಿ, ಹೊಸ ಜಾಗದ ಮಂಜೂರಾತಿ ಹುಡುಕಿ. ನೀರು ಇಳಿದ ಬೇಸಿಗೆಯಲ್ಲಿ, ಮೇ ತಿಂಗಳ ಹೊತ್ತಿಗೆ, ಹಿರಿಯರನ್ನು ಕರೆದುಕೊಂಡು ಆ ಜಾಗಕ್ಕೆ ಹೋಗಿ. ಹಳೆ ರಸ್ತೆ, ಅಡಿಪಾಯದ ಕಲ್ಲು ಕಂಡರೆ ಅವರೇ ನಿಂತು ತೋರಿಸುತ್ತಾರೆ. ಕಾಗದ ಪೆನ್ನು ಇರಲಿ, ಅಲ್ಲೇ ಊರಿನ ನಕ್ಷೆ ಬಿಡಿಸಿಕೊಳ್ಳಿ.

ಬರೆಯುವಾಗ ಒಂದು ನಿಯಮ: ಯಾರು ಹೇಳಿದ್ದು, ಯಾವ ಕಾಗದದಲ್ಲಿದೆ ಅನ್ನುವುದು ಅದೇ ವಾಕ್ಯದಲ್ಲಿ ಬರಲಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಇಡಿ. ಬದುಕಿರುವವರ ವ್ಯಾಜ್ಯ, ಕಾಯಿಲೆ, ಮುರಿದ ಮದುವೆ ಅವರನ್ನು ಕೇಳದೆ ಬರೆಯಬೇಡಿ. ಬೇಡ ಅಂದರೆ ಬಿಡಿ.

ಪುಸ್ತಕ ದೊಡ್ಡದಾಗಬೇಕಿಲ್ಲ. ನಮ್ಮದು 94 ಪುಟ, ಶಿವಮೊಗ್ಗದಲ್ಲಿ ಜೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿದ್ದು 30 ಪ್ರತಿ. ಒಂದು ಆ ಗೇಣಿದಾರರ ಮನೆಗೆ ಹೋಯಿತು, ಅದೇ ದೇವರ ಗೂಡಿನಲ್ಲಿ ಇಟ್ಟರು. ಒಂದು ನೆಬ್ರಾಸ್ಕಕ್ಕೆ. ಕೊನೆಯಲ್ಲಿ ಹತ್ತು ಹಾಳೆ ಖಾಲಿ ಬಿಡಿ, ಓದಿದವರು ತಿದ್ದಿ ಬರೆಯಲಿ. ನಮ್ಮ ಮನೆಯ ಪ್ರತಿಯಲ್ಲಿ ಈಗಾಗಲೇ ಮೂರು ಹಾಳೆ ತುಂಬಿದೆ. ಮೊದಲನೆಯದು ದೊಡ್ಡಮ್ಮನದು, ಪೆನ್ಸಿಲಿನಲ್ಲಿ: "ಒಲೆಗೆ ಮಣ್ಣು ತಂದಿದ್ದು ಹೊಳೆದಂಡೆಯಿಂದ ಅಲ್ಲ, ಮೇಲಿನ ಹಕ್ಕಲಿನಿಂದ."